ಮೊಮ್ಮಗನಲ್ಲ, ಸೋದರಳಿಯ

ಬೆಳಗಿನ ಐದೂವರೆ. ನ್ಯೂಜೆರ್ಸಿಯ ಸಮರ್‌ಸೆಟ್‌ನ ಟೌನ್‌ಹೌಸೊಂದರ ಅಡುಗೆಮನೆಯಲ್ಲಿ ಕಾಫಿ ಡಿಕಾಕ್ಷನ್ ಇಳಿಯುತ್ತಿದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಪರದೆಯ ತುಂಬ ಕಂದು ಬಣ್ಣದ ಚರ್ಮದ ಹಾಳೆಯೊಂದರ ಚಿತ್ರ. ಸುಮಾರು ಏಳುನೂರೈವತ್ತು ವರ್ಷ ಹಳೆಯದಾದ ಸ್ಕಾಟ್ಲೆಂಡಿನ ದಾನಪತ್ರ ಅದು, ಲ್ಯಾಟಿನ್ ಭಾಷೆಯದು. ಐವತ್ತೆಂಟು ವರ್ಷದ ತ್ರಿಪುರಸುಂದರಿ ಯಾವುದೋ ಜಾಹೀರಾತು ಕಾಗದದ ಹಿಂಬದಿಯಲ್ಲಿ ಆ ಅಕ್ಷರಗಳನ್ನು ಪೆನ್ಸಿಲಿನಿಂದ ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದಾರೆ. ಇನ್ನೂ ಓದುತ್ತಿಲ್ಲ, ಬರೀ ಬರೆದುಕೊಳ್ಳುತ್ತಿದ್ದಾರೆ.

“ಮೊದ್ಲು ಕೈ ಬರೀಬೇಕು, ಆಮೇಲೆ ತಲೆ ಓದ್ಬೇಕು. ತಲೆ ಮುಂದೆ ಓಡಿದ್ರೆ ಇಲ್ಲದ ಅಕ್ಷರಾನೂ ಕಾಣ್ಸತ್ತೆ” ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಈ ಕೆಲಸವನ್ನು ಅವರಿಗೆ ಈಗ ಯಾರೂ ವಹಿಸಿಲ್ಲ. ವಹಿಸುತ್ತಿದ್ದ ಕಂಪನಿ ಅವರನ್ನು ಮನೆಗೆ ಕಳಿಸಿ ಮೂರು ವಾರವಾಯಿತು. ತಾವು ಮಾಡಿದ ಒಂದು ತಪ್ಪನ್ನು ತಾವೇ ತಿದ್ದಲು ಹೋದದ್ದು ಅವರ ಅಪರಾಧ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಅದನ್ನು ಮುಚ್ಚಿಡುವ ಇರಾದೆಯೂ ಇಲ್ಲ.

ಕಂಪನಿಯ ಹೆಸರು ಬರೆಯಬೇಡಿ ಎಂದು ನಮ್ಮ ಪತ್ರಿಕೆಯ ವಕೀಲರು ಹೇಳಿದ್ದಾರೆ. ಹಾಗಾಗಿ ಕ್ರ್ಯಾನ್‌ಬರಿಯ ಉಗ್ರಾಣಗಳ ನಡುವೆ ಎರಡನೇ ಮಹಡಿಯಲ್ಲಿರುವ ಒಂದು ಕಚೇರಿ ಎಂದಷ್ಟೇ ತಿಳಿಯಿರಿ. ವಂಶವೃಕ್ಷ ಮಾಡಿಕೊಡುವುದು ಅವರ ವ್ಯಾಪಾರ. ನಮ್ಮ ಪೂರ್ವಿಕರು ಯಾರು ಎಂದು ಕೇಳಿಕೊಂಡು ಅಮೆರಿಕನ್ನರು ಬರುತ್ತಾರೆ. ಬೇರಿನಲ್ಲಿ ಒಬ್ಬ ಯುರೋಪಿನ ದೊರೆಯೋ ಜಹಗೀರುದಾರನೋ ಸಿಕ್ಕರೆ ಆ ಮನೆಯವರಿಗೆ ಹಬ್ಬ. ಆ ವಂಶವೃಕ್ಷಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುತ್ತಾರೆ. ಯಜಮಾನನನ್ನು ಅನಿರುದ್ಧ್ ಎಂದು ಕರೆಯೋಣ, ಅದು ಅವನ ನಿಜವಾದ ಹೆಸರಲ್ಲ. ವಯಸ್ಸು ಮೂವತ್ತೆಂಟು, ಇಲ್ಲೇ ಹುಟ್ಟಿದವನು, ತಂದೆತಾಯಿ ಮೈಸೂರು ಕಡೆಯವರು. ಹೋದ ನವೆಂಬರಿನಲ್ಲಿ ನಮ್ಮ ಕನ್ನಡ ಕೂಟ ಅವನಿಗೆ ಶಾಲು ಹೊದಿಸಿ, ಫಲಕ ಕೊಟ್ಟು, ಕನ್ನಡಿಗರ ಹೆಮ್ಮೆ ಎಂದು ಕೊಂಡಾಡಿತು. ಅವನ ಕಂಪನಿಯಲ್ಲಿ ಹಳೆಯ ದಾಖಲೆ ಓದಬಲ್ಲ ಒಬ್ಬರೇ ಒಬ್ಬರು ಆ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಬಿಸಿಬೇಳೆಬಾತ್ ತಿನ್ನುತ್ತಿದ್ದರು. ನಾನೂ ಆ ಸಭೆಯಲ್ಲಿದ್ದೆ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ತ್ರಿಪುರಸುಂದರಿ ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದವರು. ಎಂಟು ವರ್ಷ ಅಲ್ಲಿನ ಶಾಸನ ಕಚೇರಿಯಲ್ಲಿ ತಾತ್ಕಾಲಿಕ ನೌಕರಿ. ಕಲ್ಲಿನಿಂದ ತೆಗೆದ ಪಡಿಯಚ್ಚುಗಳನ್ನು ನೋಡಿ ಹಳಗನ್ನಡದ ಅಕ್ಷರಗಳನ್ನು ಪ್ರತಿ ಮಾಡುವುದು ಅವರ ಕೆಲಸ. ಯಾರ ಮಗ ಯಾರು, ಯಾರ ಹೆಂಡತಿ ಯಾರು, ಯಾರು ಯಾರಿಗೆ ಭೂಮಿ ಬಿಟ್ಟರು, ಇದೇ ದಿನವಿಡೀ. ೨೦೦೩ರಲ್ಲಿ ಗಂಡ ಶಿವಪ್ರಕಾಶ್ ಅವರ ಎಂಜಿನಿಯರ್ ಕೆಲಸದ ಹಿಂದೆ ಇಲ್ಲಿಗೆ ಬಂದರು. ಡಿಪೆಂಡೆಂಟ್ ವೀಸಾ. ಕೆಲಸ ಮಾಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕೌಂಟಿ ಕಾಲೇಜಿನ ಸಂಜೆ ತರಗತಿಗೆ ಸೇರಿ ಲ್ಯಾಟಿನ್ ಕಲಿತರು.

“ಯಾಕೆ ಲ್ಯಾಟಿನ್ ಅಂತ ಎಲ್ರೂ ಕೇಳೋರು. ಮಂಗಳವಾರ, ಗುರುವಾರ ಅದೊಂದೇ ಕ್ಲಾಸಲ್ಲಿ ಸೀಟ್ ಇತ್ತು, ಅಷ್ಟೇ. ಆದ್ರೆ ವಿಭಕ್ತಿ ಪ್ರತ್ಯಯ ಎಲ್ಲಾ ನಮ್ ಥರಾನೇ ಇತ್ತು ನೋಡಿ, ಮನೆಗೆ ಬಂದಂಗಾಯ್ತು.”

ಗ್ರೀನ್ ಕಾರ್ಡ್ ಬಂದ ಮೇಲೆ ಅಂಗಡಿಯಲ್ಲಿ ಕ್ಯಾಷಿಯರ್ ಆದರು. ಬಳಿಕ ಟರ್ನ್‌ಪೈಕ್ ಹೆದ್ದಾರಿಯ ಎಕ್ಸಿಟ್ 8A ಹತ್ತಿರದ ಉಗ್ರಾಣದಲ್ಲಿ ಪಾರ್ಸೆಲ್‌ಗಳಿಗೆ ಚೀಟಿ ಅಂಟಿಸಿದರು. ಲ್ಯಾಟಿನ್ ಬಲ್ಲವರು ಬೇಕಾಗಿದ್ದಾರೆ ಎಂಬ ನೋಟಿಸು ಕಂಡದ್ದು ಅದೇ ಕಟ್ಟಡದ ಲಿಫ್ಟಿನಲ್ಲಿ. ಹಾಗೆ ಎರಡನೇ ಮಹಡಿಗೆ ಹತ್ತಿದವರು ಆರು ವರ್ಷ ಅಲ್ಲಿದ್ದರು. ದಿನಕ್ಕೆ ನಲವತ್ತು ಪುಟ ದಾಖಲೆ. ಆರು ವರ್ಷದಲ್ಲಿ ಏಳುನೂರಕ್ಕೂ ಹೆಚ್ಚು ವಂಶವೃಕ್ಷಗಳು ಅವರ ಕೈ ದಾಟಿ ಹೋಗಿವೆ. ಒಂದರಲ್ಲೂ ಅವರ ಹೆಸರಿಲ್ಲ. “ನಮ್ಮ ತಜ್ಞರ ತಂಡ” ಎಂದು ಅಚ್ಚು ಹಾಕಿಸುತ್ತಿದ್ದರು. ತಂಡವೆಂದರೆ ಇವರೊಬ್ಬರೇ.

ಅನಿರುದ್ಧ್ ಅವರನ್ನು ಆಂಟಿ ಎಂದು ಕರೆಯುತ್ತಿದ್ದ. ಎಂಥ ಅನುಕೂಲದ ಪದ ಅದು. ನೌಕರರಿಗೆ ಬಡ್ತಿ ಕೊಡಬೇಕಾಗುತ್ತದೆ, ರಜೆ ಕೊಡಬೇಕಾಗುತ್ತದೆ, ಹೆಸರು ಹಾಕಬೇಕಾಗುತ್ತದೆ. ಆಂಟಿಗೆ ಏನು ಕೊಡಬೇಕು? “ಆಂಟಿ, ಪ್ಲೀಸ್, ಇದೊಂದು ಸ್ಯಾಟರ್ಡೇ ಬಂದ್ಬಿಡಿ” ಎಂದರೆ ಮುಗಿಯಿತು. ನಮ್ಮವರು ನಮ್ಮವರನ್ನು ದುಡಿಸಿಕೊಳ್ಳುವ ಈ ನಯವಾದ ರೀತಿಯನ್ನು ಇಪ್ಪತ್ತು ವರ್ಷದಿಂದ ಇಲ್ಲಿ ನೋಡುತ್ತಿದ್ದೇನೆ.

ಈಗ ಆ ತಪ್ಪಿನ ವಿಷಯ. ಸ್ಕಾಟ್ಲೆಂಡಿನಲ್ಲಿ ಗ್ಲೆನಾರ್ಡಿ ಎಂಬ ಸೀಮೆ, ಅದಕ್ಕೊಬ್ಬ ಒಡೆಯ ವಾಲ್ಟರ್, ಹದಿಮೂರನೇ ಶತಮಾನದವನು. ಅವನ ದಾನಪತ್ರವೊಂದರಲ್ಲಿ ಜಾನ್ ಎಂಬವನಿಗೆ ಭೂಮಿ ಕೊಟ್ಟ ಮಾತಿದೆ. ಜಾನ್ ಯಾರು? ವಾಲ್ಟರನ ‘ನೆಪೋಸ್’. ಜಾನ್‌ನಿಂದ ಮುಂದೆ ನ್ಯೂಜೆರ್ಸಿಯ ಮೂರು ಕುಟುಂಬಗಳವರೆಗೆ ಎಳೆ ಗಟ್ಟಿಯಾಗಿದೆ. ಕಂಪನಿ ಕೊಟ್ಟ ಪದಪಟ್ಟಿಯಲ್ಲಿ ನೆಪೋಸ್ ಎಂದರೆ ಮೊಮ್ಮಗ ಎಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ತ್ರಿಪುರಸುಂದರಿ ಮೊಮ್ಮಗ ಎಂದೇ ಬರೆದರು. ಮೂರು ಕುಟುಂಬಗಳೂ ಒಡೆಯ ವಾಲ್ಟರನ ನೇರ ವಂಶಜರಾಗಿ ಹೋದವು.

“ನಂಗೆ ನಾನೇ ಕಪಾಳಕ್ಕೆ ಹೊಡ್ಕೋಬೇಕು ಅನ್ಸತ್ತೆ” ಎನ್ನುತ್ತಾರೆ ಅವರು. “ಮೈಸೂರಲ್ಲಿ ಕಲ್ಲಿನ ಮೇಲೆ ‘ಅಳಿಯ’ ಅಂತ ಕಂಡ್ರೆ ನಮ್ಮ ಮೇಷ್ಟ್ರು ಪೆನ್ಸಿಲ್ ಕೆಳಗಿಡಿ ಅನ್ನೋರು. ಮಗಳ ಗಂಡನಾ, ಇಲ್ಲಾ ಒಡಹುಟ್ಟಿದವಳ ಮಗನಾ? ಬೇರೆ ಶಾಸನ ಸಾಕ್ಷಿ ಹೇಳೋ ತನಕ ಬರೀಬೇಡಿ ಅನ್ನೋರು. ನೆಪೋಸ್‌ದೂ ಅದೇ ಕಥೆ. ಮೊಮ್ಮಗನೂ ಆಗತ್ತೆ, ಸೋದರಳಿಯನೂ ಆಗತ್ತೆ. ಅಳಿಯ ಅನ್ನೋ ಪದ ಇಟ್ಕೊಂಡು ಹುಟ್ಟಿದೋಳು ನಾನು. ನಂಗೇ ಅನುಮಾನ ಬರ್ಲಿಲ್ಲ ಅಂದ್ರೆ ಇನ್ಯಾರಿಗೆ ಬರ್ಬೇಕು?”

ಈ ವರ್ಷ ಫೆಬ್ರವರಿಯಲ್ಲಿ, ಬೇರೊಂದು ಕುಟುಂಬದ ಕೆಲಸ ಮಾಡುವಾಗ, ವಾಲ್ಟರನದೇ ಇನ್ನೊಂದು ಪತ್ರ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಅದೇ ಜಾನ್, ಅದೇ ಭೂಮಿ. ಆದರೆ ಬರವಣಿಗೆ ಸ್ಪಷ್ಟ: “ನನ್ನ ಸೋದರಿ ಮಾರ್ಜರಿಯ ಮಗ ಜಾನ್.” ಮೊಮ್ಮಗನಲ್ಲ, ಸೋದರಳಿಯ. ವಾಲ್ಟರ್ ಈ ಮೂರು ಕುಟುಂಬಗಳ ಮೂಲಪುರುಷನೇ ಅಲ್ಲ. ಅವರ ಮೂಲದಲ್ಲಿ ಇದ್ದದ್ದು ಮಾರ್ಜರಿ. ಒಂದು ಪದದ ಸೋಮಾರಿತನಕ್ಕೆ ಒಬ್ಬ ಹೆಂಗಸು ತನ್ನ ಸ್ವಂತ ವಂಶದಿಂದಲೇ ಮಾಯವಾಗಿ, ಅವಳ ಜಾಗದಲ್ಲಿ ಅವಳ ಒಡಹುಟ್ಟಿದವನು ಮೀಸೆ ತಿರುವಿಕೊಂಡು ಕೂತಿದ್ದ.

ತ್ರಿಪುರಸುಂದರಿ ತಮ್ಮ ಮನೆಯಲ್ಲಿ ಮಾರ್ಜರಿಯನ್ನು ಮಂಜರಿ ಎನ್ನುತ್ತಾರೆ. “ಅಕ್ಕನೋ ತಂಗಿಯೋ ಗೊತ್ತಾಗ್ತಿಲ್ಲ, ಅದೊಂದು ಕೊರಗು. ಲ್ಯಾಟಿನ್‌ನಲ್ಲಿ ಒಂದೇ ಪದ, ಇಂಗ್ಲಿಷಲ್ಲೂ ಒಂದೇ. ಬರ್ದೋರಿಗೆ ಅದು ಮುಖ್ಯ ಅನ್ಸಿಲ್ಲ.”

ಅದೇ ದಿನ ಎರಡೂ ಪತ್ರಗಳ ಪ್ರತಿ ಹಿಡಿದು ಅನಿರುದ್ಧ್‌ನ ಕೋಣೆಗೆ ಹೋದರು. ಮೂರೂ ಕುಟುಂಬಗಳಿಗೆ ತಿದ್ದುಪಡಿ ಕಾಗದ ಕಳಿಸೋಣ ಎಂದರು. ಅವನು ಅರ್ಧ ನಿಮಿಷ ನೋಡಿದನಂತೆ. “ಆಂಟಿ, ಗ್ರ್ಯಾಂಡ್‌ಸನ್, ನೆಫ್ಯೂ, ಇಟ್ಸ್ ಆಲ್ ಫ್ಯಾಮಿಲಿ. ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ? ಲಾರ್ಡ್ ಸೆಲ್ಸ್. ಸಿಸ್ಟರ್ ಡಸಂಟ್” ಎಂದನಂತೆ. ಮನೆಗೆ ಬಂದವರೆಲ್ಲ ಅಂಕಲ್, ಆಂಟಿ, ಸಿಕ್ಕವರೆಲ್ಲ ಕಸಿನ್ ಎಂದು ಬೆಳೆದ ಹುಡುಗನಿಗೆ ಸೋದರಳಿಯ ಎಂಬ ಪದದ ತೂಕ ತಿಳಿಯದೆ ಹೋಗಿದ್ದರೆ ಕ್ಷಮಿಸಬಹುದಿತ್ತು. ಆದರೆ ಒಡೆಯನಾದರೆ ಮಾರಾಟವಾಗುತ್ತಾನೆ, ಸೋದರಿಯಾದರೆ ಇಲ್ಲ ಎಂಬ ಆ ಕಟ್ಟಕಡೆಯ ಎರಡು ವಾಕ್ಯ ಅಜ್ಞಾನದ ಮಾತಲ್ಲ. ಅವನಿಗೆ ಎಲ್ಲ ಅರ್ಥವಾಗಿತ್ತು.

ಎರಡು ತಿಂಗಳು ಅವರು ಕೇಳುತ್ತಲೇ ಇದ್ದರು. ನಾಲ್ಕು ಇಮೇಲ್ ಬರೆದರು. ಒಂದಕ್ಕೂ ಉತ್ತರವಿಲ್ಲ. ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಫೋರ್ಟ್ ಲೀ ಊರಿನಿಂದ ಒಂದು ಕಾಗದ ಕಂಪನಿಗೆ ಬಂತು. ಬರೆದವರು ಎಂಬತ್ತೊಂದು ವರ್ಷದ ಮೋರಾ ಹ್ಯಾಲಿಡೇ, ಆ ಮೂರು ಕುಟುಂಬಗಳಲ್ಲಿ ಒಂದರವರು. ಚಳಿಗಾಲದಲ್ಲಿ ಗಂಡ ಡೊನಾಲ್ಡ್ ತೀರಿಕೊಂಡಿದ್ದರು. ಸಮಾಧಿಯ ಕಲ್ಲಿನ ಮೇಲೆ “ಗ್ಲೆನಾರ್ಡಿಯ ಒಡೆಯ ವಾಲ್ಟರನ ವಂಶಜ” ಎಂದು ಕೆತ್ತಿಸಬೇಕು, ಗ್ಲೆನಾರ್ಡಿಯ ಕಾಗುಣಿತ ಸರಿಯಿದೆಯೇ ನೋಡಿ ಹೇಳಿ, ಸೋಮವಾರ ಕೆತ್ತನೆ ಶುರು ಎಂದು ಕೇಳಿದ್ದರು. ಅನಿರುದ್ಧ್ ಆ ಕಾಗದವನ್ನು ತ್ರಿಪುರಸುಂದರಿಯವರ ಮೇಜಿಗೆ ಕಳಿಸಿದ. ಮೇಲೆ ಒಂದು ಚೀಟಿ: “ಸ್ಪೆಲಿಂಗ್ ಮಾತ್ರ.”

ಸ್ಪೆಲಿಂಗ್ ಮಾತ್ರ. ಈ ಎರಡು ಪದಗಳನ್ನು ಕೇಳಿದಾಗಿನಿಂದ ನನ್ನ ರಕ್ತ ಕುದಿಯುತ್ತಿದೆ.

“ಕಾಗದದ ಮೇಲಿನ ತಪ್ಪು ಹರಿದು ಹಾಕ್ಬೋದು” ಎನ್ನುತ್ತಾರೆ ತ್ರಿಪುರಸುಂದರಿ. “ಕಲ್ಲಿನ ಮೇಲೆ ಬಿದ್ರೆ ಮುಗೀತು. ನಾನು ಎಂಟು ವರ್ಷ ಕಲ್ಲು ಓದಿದೋಳು. ಯಾವನೋ ಕೆತ್ತೋನು ಒಂದು ಅಕ್ಷರ ತಪ್ಪು ಹೊಡ್ದಿದ್ದಕ್ಕೆ ಪ್ರೊಫೆಸರ್‌ಗಳು ನಲವತ್ತು ವರ್ಷ ಜಗಳ ಆಡಿರೋದು ನೋಡಿದೀನಿ. ನಾಳೆ ಯಾರೋ ಬಂದು ಈ ಕಲ್ಲು ಓದ್ತಾರೆ, ನಂಬ್ತಾರೆ. ಅವ್ರು ನಂಬೋದು ನನ್ನ ತಪ್ಪನ್ನ.”

ಗಿರಾಕಿಗಳ ಜೊತೆ ನೌಕರರು ನೇರವಾಗಿ ಮಾತಾಡಬಾರದು ಎಂಬುದು ಕಂಪನಿಯ ನಿಯಮ. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅವರು ಮೋರಾ ಅವರಿಗೆ ಫೋನ್ ಮಾಡಿದರು. ತಾನು ಯಾರು, ಏನು ಬರೆದೆ, ಎಲ್ಲಿ ತಪ್ಪಿದೆ, ಎಲ್ಲ ಹೇಳಿದರು.

“ಆಯಮ್ಮ ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ, ಡೊನಾಲ್ಡ್ ಸಾಯೋ ಹಿಂದಿನ ವಾರವೂ ನರ್ಸ್‌ಗಳಿಗೆ ಒಡೆಯ ವಾಲ್ಟರನ ವಿಷಯಾನೇ ಹೇಳ್ಕೊಂಡು ನಗ್ತಿದ್ದ, ನೀನ್ಯಾರಮ್ಮ ಈಗ ಬಂದು ಹಿಂಗನ್ನೋಕೆ ಅಂದ್ರು. ಫೋನ್ ಇಟ್ಬಿಟ್ರು. ತಪ್ಪೇನಿಲ್ಲ. ನಾನಾಗಿದ್ರೂ ಇಡ್ತಿದ್ದೆ.”

ಮೋರಾ ಸಹಜವಾಗಿಯೇ ಕಂಪನಿಗೆ ಫೋನ್ ಮಾಡಿ ವಿಚಾರಿಸಿದರು. ಎಲ್ಲ ಸರಿಯಾಗಿದೆ ಮೇಡಂ, ಆಕೆ ತಜ್ಞೆಯಲ್ಲ ಎಂದು ಅಲ್ಲಿಂದ ಉತ್ತರ ಹೋಯಿತು. ಶುಕ್ರವಾರ ಬೆಳಿಗ್ಗೆ ತ್ರಿಪುರಸುಂದರಿಯವರ ಕಾರ್ಡಿಗೆ ಕಚೇರಿಯ ಬಾಗಿಲು ತೆರೆಯಲಿಲ್ಲ. ಆರು ವರ್ಷದ ಪೆನ್ಸಿಲ್, ಭೂತಗನ್ನಡಿ, ಸ್ವೆಟರ್ ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ರಿಸೆಪ್ಷನ್ನಿಗೆ ಬಂದಿದ್ದವು. ಅನಿರುದ್ಧ್ ಕೆಳಗೆ ಇಳಿದು ಬಂದು ಹೇಳಿದ್ದು ಇಷ್ಟು: “ಸಾರಿ ಆಂಟಿ, ನಥಿಂಗ್ ಪರ್ಸನಲ್.”

ಅವನ ಮಾತನ್ನೂ ಕೇಳಬೇಕೆಂದು ನಾನು ಫೋನ್ ಮಾಡಿದೆ. “ಸರ್, ಅದು ಜಡ್ಜ್‌ಮೆಂಟ್ ಕಾಲ್. ಆಂಟಿ ಬಗ್ಗೆ ನಂಗೆ ತುಂಬಾ ರೆಸ್ಪೆಕ್ಟ್ ಇದೆ” ಎಂದ. ಎರಡನೇ ಪತ್ರವನ್ನು ಓದಿದ್ದೀಯಾ ಎಂದು ಕೇಳಿದೆ. ಮೀಟಿಂಗ್ ಇದೆ ಎಂದ.

ಕೆಲಸ ಹೋದ ಮರುದಿನ, ಶನಿವಾರ, ಫೋರ್ಟ್ ಲೀಯಿಂದ ತ್ರಿಪುರಸುಂದರಿಯವರಿಗೆ ಫೋನ್ ಬಂತು. ಆ ಇನ್ನೊಂದು ಪತ್ರವನ್ನು ನನಗೆ ತೋರಿಸಬಲ್ಲೆಯಾ ಎಂದು ಮೋರಾ ಕೇಳಿದರು. ಶಿವಪ್ರಕಾಶ್ ಡ್ರೈವ್ ಮಾಡಿಕೊಂಡು ಹೆಂಡತಿಯನ್ನು ಕರೆದೊಯ್ದರು. ಸೇತುವೆ ಕಾಣುವ ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಎರಡು ಗಂಟೆ, ಇಬ್ಬರು ಹೆಂಗಸರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಮಾರ್ಜರಿಯ ಹೆಸರು ಬಂದಾಗ ಮೋರಾ ಬೆರಳು ಎತ್ತಲಿಲ್ಲವಂತೆ. ಸಾರ್ವಜನಿಕ ದಾಖಲೆಯ ಚಿತ್ರ ಅದು, ಯಾರು ಬೇಕಾದರೂ ನೋಡಬಹುದು. ನೋಡುವ ಮನಸ್ಸು ಬೇಕು, ಅಷ್ಟೇ.

“ಇವಳು ಹಟ ಹಿಡಿದ್ರೆ ಮುಗೀತು” ಎನ್ನುತ್ತಾರೆ ಶಿವಪ್ರಕಾಶ್, ಕಾಫಿ ತಂದಿಡುತ್ತ. “ಕೆಲ್ಸ ಹೋಯ್ತಲ್ಲ ಅಂದ್ರೆ, ಕಲ್ಲು ನಿಲ್ತಲ್ಲ ಅಂತಾಳೆ.”

ಕಲ್ಲು ನಿಂತಿತು, ಸೋಮವಾರದ ಕೆತ್ತನೆಯನ್ನು ಮೋರಾ ನಿಲ್ಲಿಸಿದರು. ಎರಡು ವಾರ ತಡವಾಗಿ ಕೆತ್ತನೆಯಾಯಿತು. ಮೋರಾ ಕಳಿಸಿದ ಫೋಟೊವನ್ನು ತ್ರಿಪುರಸುಂದರಿ ನನಗೆ ತೋರಿಸಿದರು. ಡೊನಾಲ್ಡ್ ಹ್ಯಾಲಿಡೇ, ಎರಡು ತಾರೀಖು, ಅದರ ಕೆಳಗೆ ಒಂದೇ ಸಾಲು: “ಗ್ಲೆನಾರ್ಡಿಯ ಮಾರ್ಜರಿಯ ವಂಶಜ.”

ಉಳಿದ ಎರಡು ಕುಟುಂಬಗಳಿಗೆ ಈಗ ಅವರು ತಮ್ಮ ಸ್ವಂತ ಹೆಸರಿನಲ್ಲಿ ಕಾಗದ ಬರೆಯುತ್ತಿದ್ದಾರೆ. ಬೆಳಿಗ್ಗೆ ಐದೂವರೆಗೇ ಕೂತು ಎರಡೂ ಪತ್ರಗಳನ್ನು ಮೊದಲಿನಿಂದ ಮತ್ತೆ ಪ್ರತಿ ಮಾಡುತ್ತಿರುವುದು ಅದಕ್ಕೇ. ಈ ಸಲ ಒಂದು ಅಕ್ಷರವನ್ನೂ ಯಾರ ಪಟ್ಟಿ ನೋಡಿಯೂ ಬರೆಯಬಾರದು ಎಂದು. ವಿಳಾಸ ಕಂಪನಿಯ ಬಳಿ ಇದೆ, ಕೊಡುವುದಿಲ್ಲ. “ಏಳುನೂರು ವರ್ಷದ ಹಿಂದಿನೋರನ್ನ ಹುಡುಕಿದೀನಂತೆ, ಇಲ್ಲೇ ಪಕ್ಕದ ಎಡಿಸನ್ ಊರಲ್ಲಿರೋರನ್ನ ಹುಡುಕೋಕೆ ಆಗಲ್ವಾ?” ಎಂದು ನಗುತ್ತಾರೆ. ಕಂಪನಿಯ ವಕೀಲರಿಂದ ಬಂದ ಎಚ್ಚರಿಕೆಯ ಪತ್ರ ಫ್ರಿಜ್ಜಿನ ಮೇಲೆ ಆಯಸ್ಕಾಂತಕ್ಕೆ ಸಿಕ್ಕಿಕೊಂಡಿದೆ.

ನನಗೆ ಅಷ್ಟು ಸುಲಭವಾಗಿ ನಗು ಬರಲಿಲ್ಲ. ಇಷ್ಟು ಆದ ಮೇಲೂ ಯಾಕೆ ಮೇಡಂ, ಸುಮ್ಮನಿರಬಾರದಾ, ತಪ್ಪಿನ ಲಾಭ ತಿಂದವರು ಆರಾಮಾಗಿದ್ದಾರಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು. ಅವರು ಪೆನ್ಸಿಲ್ ಕೆಳಗಿಟ್ಟು, ಮೊದಲ ಸಲ ಪರದೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದರು.

“ಕೆಲ್ಸ ಅವ್ರದ್ದಾಗಿತ್ತು, ವಾಪಸ್ ತಗೊಂಡ್ರು. ತಪ್ಪು ನಂದು. ಅದನ್ನೂ ಅಲ್ಲೇ ಬಿಟ್ಟು ಬರೋಕಾಗತ್ತಾ?”