ಭಟ್ಟರ ಸಾರಿನ ಚೊಂಬು

ನಮ್ಮ ಬೀದಿಯ ಡಾಕ್ಟರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಎಂಟು ತಿಂಗಳು ವಿಷ್ಣುಮೂರ್ತಿ ಭಟ್ಟರಿಗೆ ಬರೀ ಕಬ್ಬಿಣದ ಮಾತ್ರೆ ಬರೆದುಕೊಟ್ಟ. ಮಾಂಸ ತಿನ್ನದವರಿಗೆ ರಕ್ತ ಎಲ್ಲಿಂದ ಬರಬೇಕು ಎಂದು ನಕ್ಕ ಬೇರೆ.

ಭಟ್ಟರು ಕುಂದಾಪುರದ ಕಡೆಯವರು. ಮದ್ರಾಸಿನ ಪುರಸೈವಾಕ್ಕಂನ ನಮ್ಮ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ ಸಾರು, ಸಾಂಬಾರು ಅವರ ಕೈಯದೇ. ನಾನು ದೋಸೆಕಲ್ಲಿನ ಮುಂದೆ. ಗಿರಾಕಿಗಳಿಗೆ ಸ್ಟೀಲ್ ಪಾತ್ರೆಯ ಸಾರು. ನಮ್ಮಿಬ್ಬರ ಊಟಕ್ಕೆ ಮಾತ್ರ ತವರದ ಚೊಂಬಿನಲ್ಲಿ ಬೇರೆ ಕುದಿಸುತ್ತಿದ್ದರು. ತವರದಲ್ಲಿ ಕುದಿದ ಹುಣಸೆಹುಳಿಗೆ ರುಚಿಯೇ ಬೇರೆ ಎಂಬುದು ಇಲ್ಲಿಯ ತಮಿಳರಿಂದ ಕಲಿತದ್ದು. ನಾಲ್ಕು ವರ್ಷದ ಹಿಂದೆ ತಳ್ಳುಗಾಡಿಯಲ್ಲಿ ಆ ಚೊಂಬು ಕೊಂಡರು. ಒಂದೇ ಅಳತೆಯ ಎರಡನ್ನು ಕೈಯಲ್ಲಿ ತೂಗಿ, "ಭಾರದ್ದು ತಕೊಳ್ಳಿ ಭಟ್ರೇ, ಅದೇ ಅಸಲಿ" ಎಂದವನು ನಾನು.

ಮೊದಲು ಅವರ ಮುಖ ಬಿಳಿಚಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂರತೊಡಗಿದರು. ಒಂದು ಬೆಳಿಗ್ಗೆ ಸೌಟು ಜಾರಿತು, ಮಣಿಕಟ್ಟು ಎತ್ತಲಾಗಲಿಲ್ಲ.

"ಎಂತ ಭಟ್ರೇ, ಸೌಟಿಗೂ ನಿಮ್ಮ ಸಾರು ಸಾಕಾಯ್ತಾ?"

"ನಿನ್ನ ದೋಸೆ ಸೀದು ಹೋಯ್ತು, ಅದನ್ನ ನೋಡು ಮಾರಾಯ," ಎಂದು ನಕ್ಕರು. ಒಸಡಿನ ಅಂಚಿಗೆ ನೀಲಿ ಗೆರೆ ಕಂಡಿತು.

ಆ ದಿನವೇ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿಯ ಡಾಕ್ಟರ್ ಸಂಹಿತಾ ಮದ್ರಾಸಿನಲ್ಲೇ ಹುಟ್ಟಿದ ಕನ್ನಡದವರು. ಏನೇನು ತಿನ್ನುತ್ತಾರೆ ಎಂದು ಕೇಳಿ, ಚೊಂಬು ತರಿಸಿ ಪರೀಕ್ಷೆ ಮಾಡಿಸಿದರು.

"ಗಾಡಿಯವನು ಚೆನ್ನಾಗಿ ಏಮಾರಿಸಿದಾನೆ ಸಾರ್. ಇದರಲ್ಲಿ ಅರ್ಧಕ್ಕೆ ಮೇಲೆ ಸೀಸ. ಅದಕ್ಕೇ ಇಷ್ಟು ವೆಯ್ಟು."

ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಬೇಳೆಕಾಳಿನಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಮೂಳೆಯೊಳಗಿನ ಮಜ್ಜೆ ಅದರಿಂದ ರಕ್ತದ ಕೆಂಪನ್ನು ತಯಾರಿಸುತ್ತದೆ. ನಡುವೆ ಸೀಸ ಹೊಕ್ಕರೆ ಆ ಅಡುಗೆ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಎಷ್ಟು ಕಬ್ಬಿಣ ನುಂಗಿದರೂ ದಂಡ.

"ಸೀಸ ತೆಗೆಯೋ ಮದ್ದು ಕೊಡ್ತೀವಿ. ಮೊದಲು ರಕ್ತ ಬೇಕು, ಅರ್ಜೆಂಟ್."

"ನನ್ನದು ತಗೊಳ್ಳಿ!" ಅಂಗಿಯ ತೋಳು ಮಡಚಿದೆ. ನನ್ನ ಹೆಂಡತಿ ವಿಮಲಾ ಹೆರಿಗೆಯಲ್ಲಿ ಸಾಯುವಂತಿದ್ದಾಗ, ಉರಿಯುವ ಒಲೆ ಬಿಟ್ಟು ಓಡಿಬಂದು ರಕ್ತ ಕೊಟ್ಟವರು ಇದೇ ಭಟ್ಟರು.

ನರ್ಸ್ ನನ್ನ ಬೆರಳು ಚುಚ್ಚಿ ನೋಡಿದಳು. ಇನ್ನೊಂದು ಬೆರಳು ಚುಚ್ಚಿದಳು. ಸಂಹಿತಾ ಅವರನ್ನು ಕರೆದಳು.

"ನೀವೂ ಅದೇ ಸಾರು ಉಂಡ್ರಾ?"

"ಉಂಡರೇನು? ನನಗೆಂತ ಆಗಿದೆ?" ಎಂದು ಕೂಗಾಡಿದೆ.

"ಕೂತ್ಕೊಳ್ಳಿ ಸಾರ್. ನಿಮಗೇ ರಕ್ತ ಇಲ್ಲ."

ಭಟ್ಟರಿಗೆ ಯಾರದೋ ರಕ್ತ ಏರಿಸಿದರು. ಮೂರನೆಯ ದಿನ ಸೀಸ ಮಿದುಳಿಗೇರಿ ಫಿಟ್ಸ್ ಬಂತು, ಹೋದರು. ಪಕ್ಕದ ಮಂಚದಲ್ಲಿ ನನ್ನ ತೋಳಿಗೆ ಮದ್ದು ಇಳಿಯುತ್ತಿತ್ತು. ಅವರು ವಿಮಲಾಗೆ ಕೊಟ್ಟ ಒಂದು ಬಾಟಲಿ ರಕ್ತದ ಸಾಲ ನನ್ನ ಮೇಲೆ ಹಾಗೇ ಉಳಿಯಿತು.