ಬಾಣಂತಿಯ ಕೊಡ

ಅತ್ತೆಯ ಬೆರಳ ತುದಿಗಳು ನೀಲಿ. ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕಿ ಹಾಕಿ ಉಗುರಿನೊಳಗೆ ಇಳಿದ ಆ ನೀಲಿ, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಸೊಲ್ಲಾಪುರದ ಚಾಳಿನ ನಮ್ಮ ಖೋಲಿಯಲ್ಲಿ ಕಾಲು ಚಾಚಿ ಕೂತು, ಅದೇ ಬೆರಳುಗಳಿಂದ ನನ್ನ ಹಸುಗೂಸಿಗೆ ಎಣ್ಣೆ ತಿಕ್ಕಿ ಅವಳು ಎರೆದದ್ದು ಆ ದಿನವೇ ಕಡೆ.

"ಒದರವ್ವಾ, ಒದರು. ನಿಮ್ಮವ್ವ ಹಿಂಗ ಒದರಿದ್ರ ಇಡೀ ಓಣಿ ಎದ್ದು ಕೂಡ್ತಿತ್ತು," ಎಂದು ಚೀರಿ ಅಳುವ ಕೂಸನ್ನು ಛೇಡಿಸಿದಳು.

ಅವಳು ಅಪ್ಪನ ತಂಗಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ನಮ್ಮ ಮನೆಯವರು ಬಟ್ಟೆ ಗಿರಣಿ ಸೇರಿದ್ದರಿಂದ ನಾವು ಸೊಲ್ಲಾಪುರಕ್ಕೆ ಹೋಗಿದ್ದೆವು. ಬಾಣಂತನಕ್ಕೆಂದು ಅವಳೂ ಬಂದಳು. ಆ ಊರು ಅವಳಿಗೆ ಹಿಡಿಸಲಿಲ್ಲ. "ಇಷ್ಟ ಮಂದಿ ಅದಾರ, ಒಬ್ಬರರ ಉಂಡ್ಯೇನು ಅಂತ ಕೇಳ್ತಾರೇನ?" ಎನ್ನುತ್ತಿದ್ದಳು.

ಚಾಳಿಗೆಲ್ಲ ಒಂದೇ ನಳ. ಗಿರಣಿಯ ಕೆಲಸಗಾರರ ಮೇಲಿನ ಮುಕಾದಮನ ಮನೆಯ ಹಂಡೆಗಳು ತುಂಬಿದ ಮೇಲೆಯೇ ಉಳಿದವರ ಪಾಳಿ. ಅದನ್ನು ಕಾಯಲು ಅವನ ಆಳೊಬ್ಬ ಬಡಿಗೆ ಹಿಡಿದು ನಿಲ್ಲುತ್ತಿದ್ದ. ದಿನಾ ನೀರು ತಂದಿಡುತ್ತಿದ್ದ ನಮ್ಮ ಮನೆಯವರನ್ನು, ಅತ್ತೆ ಹಾಗೆ ಎರೆದ ಮರುದಿನ, ಗಿರಣಿಗೆ ಬೇಗ ಕರೆಸಿಕೊಂಡರು. ಅತ್ತೆ ಕೊಡದ ಕೊರಳಿಗೆ ಬೇವಿನ ತಪ್ಪಲು ಕಟ್ಟಿದಳು. ಇಳಕಲ್ಲಿನ ನಮ್ಮ ಓಣಿಯ ಬಾವಿಯಲ್ಲಿ ಹಾಗೆ ಕಟ್ಟಿದ ಕೊಡ ಕಂಡರೆ, ಬಾಣಂತಿಯ ಮನೆಯದೆಂದು ಎಲ್ಲರೂ ಸರಿದು ಮೊದಲ ನೀರು ಬಿಡುತ್ತಾರೆ.

"ಅತ್ತಿ, ಇಲ್ಲಿ ಹಂಗ ನಡ್ಯಂಗಿಲ್ಲ. ಹಿಂದ ನಿಂದ್ರು," ಎಂದೆ.

"ಬಾಣಂತಿ ಕೊಡಕ್ಕ ಯಾರ ಅಡ್ಡ ಬರ್ತಾರ? ಅವರೂ ಅವ್ವನ ಹೊಟ್ಟ್ಯಾಗಿಂದನ ಬಂದಾರಲ್ಲ," ಎಂದು ಹೊರಟೇಬಿಟ್ಟಳು.

ಮುಂದಿನದನ್ನು ನೆರೆಮನೆಯ ಹೆಂಗಸು ಹೇಳಿದಳು. ನಮ್ಮ ಕಡೆಯ ಹೆಂಗಸರು ಬೇವು ಕಂಡು ದಾರಿ ಬಿಟ್ಟರಂತೆ. ಅತ್ತೆ ಮುಕಾದಮನ ಹಂಡೆ ಸರಿಸಿ ನಳದ ಕೆಳಗೆ ಕೊಡ ಇಟ್ಟಳಂತೆ.

"ಏ ಮುದುಕಿ, ತಗೀ!" ಎಂದ ಆಳು.

"ತುಂಬಲಿ ತಡಿಯೋ ತಮ್ಮಾ, ಕೂಸಿಗೆ ಎರೀಬೇಕು."

ಅವನು ಬಡಿಗೆ ಬೀಸಿದ. ಅತ್ತೆಯ ತಲೆ ನಳದ ಕಲ್ಲಿಗೆ ಬಡಿಯಿತು.

ಹೊತ್ತು ತಂದು ಮಲಗಿಸಿದಾಗ ನನ್ನ ಕಡೆ ನೋಡಿ, "ನೀರು ಕಾಸಾಕ ಇಡು," ಎಂದಳು. ಮತ್ತೆ ಮಾತಾಡಲಿಲ್ಲ. ಮುದುಕಿ ಕಾಲು ಜಾರಿ ಬಿದ್ದು ಸತ್ತಳೆಂದು ಮುಕಾದಮ ಪೊಲೀಸರಿಗೆ ಹೇಳಿದ. ನೋಡಿದವರ ಗಂಡಂದಿರೆಲ್ಲ ಅವನ ಕೈಕೆಳಗಿದ್ದರು. ಯಾರೂ ಬಾಯಿ ಬಿಡಲಿಲ್ಲ.

ನಾವು ಇಳಕಲ್ಲಿಗೆ ತಿರುಗಿ ಬಂದೆವು. ಈಗ ಆ ಕೂಸೇ ಬಾಣಂತಿಯಾಗಿ ಮನೆಯಲ್ಲಿದ್ದಾಳೆ. ಇವತ್ತು ಬೆಳಿಗ್ಗೆ ಬೇವು ಕಟ್ಟಿದ ಕೊಡ ಒಯ್ದೆ. ಬಾವಿಯಲ್ಲಿ ಎಲ್ಲರೂ ಸರಿದು ನಿಂತರು. ನೀರು ಕಾಸಿ, ಕಾಲು ಚಾಚಿ ಕೂತು ಮೊಮ್ಮಗನಿಗೆ ಎರೆದೆ. ಅವನು ಒದರಿದ. ಅತ್ತೆ ಇಲ್ಲ.