ಆರತಿ ಹಿಡಿದ ಮೂರು ಕೈ

ಹೋಬೋಕನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯ ಮುಂದೆ ದಸರಾ ಗೊಂಬೆ ಕೂರಿಸಿದ್ದೆವು. ಫೋಟೋದಲ್ಲಿ ಗೊಂಬೆ ಸರಿಯಾಗಿ ಬಂದರೆ ನದಿಯಾಚೆಯ ಮ್ಯಾನ್‌ಹಟನ್ ಬಿಳುಚಿಕೊಳ್ಳುತ್ತಿತ್ತು. ಮ್ಯಾನ್‌ಹಟನ್ ಬಂದರೆ ಗೊಂಬೆಗಳಿಗೆ ಮಸಿ ಬಳಿದಂತಾಗುತ್ತಿತ್ತು. ಎರಡೂ ಒಟ್ಟಿಗೆ ಬರುವ ತನಕ ಗೊಂಬೆ ಇಳಿಸಲು ಬಿಡೆನೆಂದು ಹಠ ಹಿಡಿದೆ. ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನ ಮೂರು ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಬೆಸೆದೆ. ಎರಡೂ ಬಂದವು. ಆದರೆ ಆರತಿ ಬೆಳಗುತ್ತಿದ್ದ ಹೆಂಡತಿಗೆ ಮೂರು ಬಲಗೈ! ಒಂದು ಫೋಟೋದಿಂದ ಇನ್ನೊಂದಕ್ಕೆ ಹೀಗೆ ಅಲುಗಿ ಮೂಡಿದ್ದಕ್ಕೆ ಸಾಫ್ಟ್‌ವೇರಿನ ಭಾಷೆಯಲ್ಲಿ 'ಘೋಸ್ಟ್', ಅಂದರೆ ದೆವ್ವ, ಎಂದು ಹೆಸರು. ಅದನ್ನು ಅಳಿಸುವ ಬಟನ್ ಒತ್ತಿದೆ. ಮೂರು ಕೈಯೂ ಮಾಯ.

"ದೆವ್ವ ಬಿಡಿಸೋಕೆ ಹೋಗಿ ನನ್ನ ಕೈನೇ ಬಿಟ್ರಲ್ರೀ!" ಎಂದಳು.

ತಕ್ಷಣ ಅನ್‌ಡೂ ಒತ್ತಿ, ಮೂರು ಕೈಯ ಫೋಟೋವನ್ನೇ ಮೈಸೂರಿಗೆ ಕಳಿಸಿದೆ. ಮಗಳ ಮುಖ ಗುರುತಿಸುವ ಮೊದಲೇ ನಮ್ಮತ್ತೆ ಕೈ ಮುಗಿದರಂತೆ.